ಬಾರಿಯಾಟ್ರಿಕ್ ಸರ್ಜರಿ ಆಗಿ ಎರಡು ವರ್ಷ ದಾಟಿತೇ? ವ್ಯಾಯಾಮದ ಲೆಕ್ಕ ಬದಲಾಗುವುದು ಈಗಲೇ

ತೂಕ ಇಳಿಸುವ ಆಪರೇಷನ್ ಬೆಂಗಳೂರಿಗೆ ಈಗ ಹೊಸ ಸುದ್ದಿಯಲ್ಲ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ವಿಮೆಯ ನಿಯಮಗಳನ್ನು ಏಕರೂಪಗೊಳಿಸಿದಾಗ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಗಂಭೀರ ಕಾಯಿಲೆ ಇರುವವರಿಗೆ, ಕೆಲವು ಷರತ್ತುಗಳ ಮೇಲೆ ಇದಕ್ಕೂ ವಿಮೆ ಸಿಗುವ ದಾರಿ ತೆರೆಯಿತು. ಆಮೇಲೆ ಮಾಡಿಸಿಕೊಂಡವರಲ್ಲಿ ಹಲವರು ಈಗ ಮೂರನೇ, ಐದನೇ ವರ್ಷದಲ್ಲಿದ್ದಾರೆ. ಮೊದಲ ವರ್ಷ ತೂಕ ತಾನಾಗಿಯೇ ಇಳಿಯಿತು. ಈಗ ಮುಳ್ಳು ನಿಂತಿದೆ, ಕೆಲವರಿಗೆ ಹಿಂದಕ್ಕೂ ತಿರುಗಿದೆ. "ದಿನಾ ವಾಕಿಂಗ್ ಹೋಗ್ತೀನಲ್ಲ, ಆದರೂ ಯಾಕೆ?" ಎನ್ನುವುದು ಇವರೆಲ್ಲರ ಪ್ರಶ್ನೆ. ಉತ್ತರ ಸಿಗಬೇಕಾದರೆ ಮೊದಲು ಆ ಆಪರೇಷನ್ ಒಳಗೆ ಏನು ಮಾಡಿದೆ ಎಂದು ತಿಳಿಯಬೇಕು.

ಆಪರೇಷನ್ ಬದಲಿಸಿದ್ದು ಏನನ್ನು

ಹೆಚ್ಚು ನಡೆಯುವುದು ಎರಡು ಬಗೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲಿಗಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಂತೆ ಬಿಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಆರಂಭದ ಭಾಗ ಬಿಟ್ಟು ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಎರಡರಲ್ಲೂ ಊಟದ ಪ್ರಮಾಣ ತಗ್ಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಸಿವು ಮತ್ತು ತೃಪ್ತಿಯ ಸಂದೇಶ ಹೊರುವ ಹಾರ್ಮೋನುಗಳ ಮಟ್ಟವೇ ಬದಲಾಗುತ್ತದೆ. ಮೊದಲ ವರ್ಷ ಊಟದ ನೆನಪೇ ಬರದಿರುವುದಕ್ಕೆ ಇದೇ ಕಾರಣ.

ತೂಕ ಅತಿ ವೇಗವಾಗಿ ಇಳಿಯುವುದು ಮೊದಲ ಆರು ತಿಂಗಳಲ್ಲಿ. ಹನ್ನೆರಡರಿಂದ ಹದಿನೆಂಟನೇ ತಿಂಗಳ ಹೊತ್ತಿಗೆ ಬಹುತೇಕರು ತಮ್ಮ ಅತಿ ಕಡಿಮೆ ತೂಕ ಮುಟ್ಟುತ್ತಾರೆ. ಆಮೇಲೆ ಹಸಿವು ಸ್ವಲ್ಪ ಮರಳುತ್ತದೆ, ಒಂದಷ್ಟು ಕೆಜಿ ವಾಪಸ್ ಬರುತ್ತದೆ. ಅಷ್ಟು ಸಹಜ. ಕಳವಳ ಪಡಬೇಕಾದದ್ದು ಏರಿಕೆ ನಿಲ್ಲದೆ ಮುಂದುವರಿದಾಗ.

ಮೊದಲ ವಾರಗಳ ವ್ಯಾಯಾಮದ ಬಗ್ಗೆ ಆಸ್ಪತ್ರೆಯವರೇ ಚೆನ್ನಾಗಿ ಹೇಳಿ ಕಳಿಸಿರುತ್ತಾರೆ: ಅದೇ ದಿನ ಅಥವಾ ಮರುದಿನದಿಂದ ನಡಿಗೆ, ಸುಮಾರು ಆರು ವಾರ ಭಾರ ಎತ್ತಬಾರದು, ಹೊಟ್ಟೆಯ ಸ್ನಾಯುವಿಗೆ ಬಿಗಿಯಾದ ಕಸರತ್ತು ಸಾಮಾನ್ಯವಾಗಿ ಮೂರು ತಿಂಗಳ ನಂತರ, ಅದೂ ಸರ್ಜನ್ ಒಪ್ಪಿದ ಮೇಲೆ. ಯಾರೂ ಸರಿಯಾಗಿ ಹೇಳದೆ ಉಳಿಯುವುದು ಅದರ ನಂತರದ ವರ್ಷಗಳ ವಿಷಯ.

ಅದೇ ದಾರಿ, ಅದೇ ವೇಗ, ಆದರೆ ಖರ್ಚು ಕಡಿಮೆ

ಗಂಟೆಗೆ ಸುಮಾರು 4.8 ಕಿಲೋಮೀಟರ್ ವೇಗದಲ್ಲಿ ನಡೆದರೆ ದೇಹ ಪ್ರತಿ ಕೆಜಿ ತೂಕಕ್ಕೆ ಗಂಟೆಗೆ ಹತ್ತಿರಹತ್ತಿರ ಮೂರೂವರೆ ಕ್ಯಾಲೊರಿ ಸುಡುತ್ತದೆ. 120 ಕೆಜಿ ಇದ್ದಾಗ ಒಂದು ಗಂಟೆಯ ನಡಿಗೆಗೆ 420 ಕ್ಯಾಲೊರಿ. ತೂಕ 80ಕ್ಕೆ ಇಳಿದ ಮೇಲೆ ಅದೇ ಲಾಲ್‌ಬಾಗ್, ಅದೇ ಸುತ್ತು, ಅದೇ ಒಂದು ಗಂಟೆಗೆ 280. ದಿನಕ್ಕೆ 140 ಕ್ಯಾಲೊರಿ ಸದ್ದಿಲ್ಲದೆ ಕೈಬಿಟ್ಟಿತು, ಅಂದರೆ ಸುಮಾರು ಎರಡು ಇಡ್ಲಿಯಷ್ಟು. ಒಂದು ಸಣ್ಣ ಎಚ್ಚರಿಕೆ: ಕೈಗಡಿಯಾರದ ಆ್ಯಪ್‌ನಲ್ಲಿ ನಿಮ್ಮ ಹಳೆಯ ತೂಕವೇ ಉಳಿದಿದ್ದರೆ ಅದು ಇನ್ನೂ 420 ಎಂದೇ ತೋರಿಸುತ್ತಿರುತ್ತದೆ. ಬಹಳ ಜನ ಅದನ್ನು ನಂಬಿಕೊಂಡೇ ಕೂತಿರುತ್ತಾರೆ.

ಇದರ ಮೇಲೆ ಇನ್ನೊಂದು ಕಡಿತವೂ ಇದೆ. ಸಂಬಳ ದಿಢೀರನೆ ಅರ್ಧವಾದ ಮನೆ ಏನು ಮಾಡುತ್ತದೆ? ಗೀಸರ್ ಆಫ್, ಹೊರಗಿನ ಊಟ ಬಂದ್, ಬೇಡದ ಲೈಟು ಆರಿಸು. ತಿಂಗಳುಗಟ್ಟಲೆ ಕಡಿಮೆ ಊಟ ಕಂಡ ದೇಹವೂ ಹೀಗೆಯೇ ಸುಮ್ಮನೆ ಕೂತಾಗಿನ ಖರ್ಚನ್ನು ತಗ್ಗಿಸುತ್ತದೆ, ಅದೂ ತೂಕ ಇಳಿದದ್ದಕ್ಕೆ ತಕ್ಕಷ್ಟಕ್ಕಿಂತ ಒಂದು ತೂಕ ಹೆಚ್ಚೇ.

ಹಾಗಾದರೆ ವ್ಯಾಯಾಮದಿಂದ ಏನು ಉಪಯೋಗ? ಮೊದಲ ವರ್ಷ ತೂಕ ಇಳಿಸಿದ್ದು ಬಹುಪಾಲು ಆಪರೇಷನ್ನೇ. ವ್ಯಾಯಾಮ ಇಲ್ಲದಿದ್ದರೂ ಅದು ಇಳಿಯುತ್ತಿತ್ತು. ಎರಡನೇ ವರ್ಷದಿಂದ ವ್ಯಾಯಾಮದ ಕೆಲಸ ಇಳಿದ ತೂಕವನ್ನು ಹಿಡಿದಿಡುವುದು ಮತ್ತು ಸ್ನಾಯುವನ್ನು ಉಳಿಸುವುದು. ದುರದೃಷ್ಟವೆಂದರೆ, ಜನ "ಸಾಕು, ಇಳಿದಾಯ್ತಲ್ಲ" ಎಂದು ಶೂ ಬಿಚ್ಚಿಡುವುದೂ ಇದೇ ಹೊತ್ತಿಗೆ.

ಕೊಬ್ಬಿನ ಜೊತೆ ಹೋದ ಸ್ನಾಯು

ಇಳಿದ ತೂಕವೆಲ್ಲ ಕೊಬ್ಬಲ್ಲ. ಸ್ಥೂಲವಾಗಿ ಹೇಳುವುದಾದರೆ ಕಾಲು ಭಾಗದವರೆಗೂ ಕೊಬ್ಬಲ್ಲದ ಅಂಶ, ಅದರಲ್ಲಿ ಸ್ನಾಯುವಿನ ಪಾಲು ದೊಡ್ಡದು. ಕಷ್ಟಕಾಲದಲ್ಲಿ ಎಫ್‌ಡಿ ಮುರಿಸುವುದರ ಜೊತೆಗೆ ಮನೆಯ ಹೊಲಿಗೆ ಯಂತ್ರವನ್ನೂ ಮಾರಿದಂತೆ ಇದು. ಎಫ್‌ಡಿ ಹೋಗಬೇಕಾದದ್ದೇ, ಯಂತ್ರ ಹೋಗಬಾರದಿತ್ತು.

ಸ್ನಾಯು ಬೆಳೆಸಿದರೆ ಕೂತಲ್ಲೇ ಕ್ಯಾಲೊರಿ ಉರಿಯುತ್ತದೆ ಎಂದು ಜಿಮ್‌ಗಳಲ್ಲಿ ಹೇಳುತ್ತಾರೆ. ಆ ಮಾತು ಸ್ವಲ್ಪ ಉಬ್ಬಿದ್ದು. ಒಂದು ಕೆಜಿ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ. ಸ್ನಾಯುವಿನ ನಿಜವಾದ ಬೆಲೆ ಬೇರೆ ಕಡೆ ಇದೆ. ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಉಗ್ರಾಣ ಅದು. ಮೂಳೆಯನ್ನು ಎಳೆದು ಗಟ್ಟಿ ಇಡುವುದೂ ಅದೇ. ಮೆಟ್ರೋ ನಿಲ್ದಾಣದಲ್ಲಿ ಎಸ್ಕಲೇಟರ್ ಕೆಟ್ಟಾಗ ಬೈದುಕೊಳ್ಳದೆ ಮೆಟ್ಟಿಲು ಹತ್ತಿಸುವುದೂ ಅದೇ.

ನಿಮ್ಮ ಕಾಲಿನ ಸ್ನಾಯು ಎಷ್ಟು ಉಳಿದಿದೆ ಎಂದು ನೋಡಲು ಸ್ಕ್ಯಾನ್ ಬೇಕಿಲ್ಲ, ಊಟದ ಮೇಜಿನ ಕುರ್ಚಿ ಸಾಕು. ಕೈ ಆಸರೆ ಇಲ್ಲದ, ಸುಮಾರು 45 ಸೆಂಟಿಮೀಟರ್ ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಪೂರ್ತಿ ಎದ್ದು ಪೂರ್ತಿ ಕೂತು, ಐದು ಸಲ ಬೇಗಬೇಗ ಮಾಡಿ, ಯಾರಾದರೂ ಫೋನ್‌ನಲ್ಲಿ ಸಮಯ ನೋಡಲಿ. ಏಷ್ಯಾದವರಿಗಾಗಿ ಇರುವ ಅಳತೆಯ ಪ್ರಕಾರ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲು ದುರ್ಬಲವಾಗಿದೆ ಎಂದರ್ಥ. ವಯಸ್ಸಾದವರಿಗಾಗಿ ಮಾಡಿದ ಅಳತೆ ಇದು. ನಲವತ್ತರ ಆಸುಪಾಸಿನವರಿಗೇ ಅಷ್ಟು ಹೊತ್ತು ಬೇಕಾದರೆ ವಾಕಿಂಗ್ ಒಂದರಿಂದ ಕೆಲಸ ಆಗುವುದಿಲ್ಲ.

ಈಚೆಗೆ ತೂಕ ಇಳಿಸಲು ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ಈ ಸ್ನಾಯುವಿನ ಮಾತು ಹಾಗೆಯೇ ಅನ್ವಯಿಸುತ್ತದೆ.

ಕುರ್ಚಿ, ಗೋಡೆ, ನೀರಿನ ಕ್ಯಾನ್

ಸ್ನಾಯುವಿಗೆ ಬೇಕಾದದ್ದು ಭಾರ, ಮತ್ತು ಆ ಭಾರ ನಿಧಾನವಾಗಿ ಏರುತ್ತಾ ಹೋಗುವುದು. ನಮ್ಮ ಗರಡಿ ಮನೆಗಳ ದಂಡ, ಬಸ್ಕಿ ಇದೇ ತತ್ವದವು. ವಾರಕ್ಕೆ ಎರಡು ದಿನ ಕಡ್ಡಾಯ, ಮೂರಾದರೆ ಒಳ್ಳೆಯದು, ನಡುವೆ ಒಂದು ದಿನ ಬಿಡುವು. ಪ್ರತಿ ಕಸರತ್ತನ್ನು ಎಂಟರಿಂದ ಹನ್ನೆರಡು ಸಲ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೆ, ಹೀಗೆ ಎರಡು ಮೂರು ಸುತ್ತು. ಕೊನೆಯ ಎರಡು ಸಲ ನಿಜಕ್ಕೂ ಕಷ್ಟ ಅನಿಸಬೇಕು. ಅನಿಸದಿದ್ದರೆ ಭಾರ ಸಾಲದು.

ಕುರ್ಚಿಯಿಂದಲೇ ಶುರು ಮಾಡಿ. ಪಾದಗಳು ಭುಜದಷ್ಟು ಅಗಲ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಉಸಿರು ಬಿಡುತ್ತಾ ಏಳಿ, ಮೂರು ಎಣಿಸುತ್ತಾ ನಿಧಾನವಾಗಿ ಕೂರಿ. ಹೆಚ್ಚಿನವರು ತಪ್ಪುವುದು ಈ ಕೂರುವಾಗಲೇ, ಕೊನೆಯ ನಾಲ್ಕು ಇಂಚು ಧೊಪ್ಪನೆ ಬಿದ್ದುಬಿಡುತ್ತಾರೆ. ಸ್ನಾಯು ಅತಿ ಹೆಚ್ಚು ದುಡಿಯಬೇಕಾದ ಜಾಗವೇ ಅದು. ಮಂಡಿಗಳು ಒಳಕ್ಕೆ ವಾಲಿದರೆ ಭಾರ ಜಾಸ್ತಿಯಾಗಿದೆ ಎಂದು ತಿಳಿಯಿರಿ. ಹನ್ನೆರಡು ಸಲ ಮೂರು ಸುತ್ತು ಸಲೀಸಾದಾಗ ಎದೆಗೆ ಒಂದು ಐದು ಕೆಜಿ ಅಕ್ಕಿ ಚೀಲ ಅವಚಿಕೊಂಡು ಮಾಡಿ. ಆಮೇಲೆ ಕುರ್ಚಿ ತೆಗೆದು ಬಸ್ಕಿ.

ದಂಡಕ್ಕೆ ಮೊದಲು ಗೋಡೆ. ಗೋಡೆಯಿಂದ ಒಂದು ತೋಳಿನಳತೆ ದೂರ ನಿಂತು, ಅಂಗೈ ಊರಿ, ತಲೆಯಿಂದ ಹಿಮ್ಮಡಿಯವರೆಗೆ ದೇಹ ಹಲಗೆಯಂತೆ ನೇರ ಇಟ್ಟು ಬಾಗಿ. ಅದು ಸುಲಭವಾದರೆ ಅಡುಗೆಕಟ್ಟೆಯ ಅಂಚು, ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ಬೆನ್ನಿಗೆ, ಕಿಟಕಿಯ ಗಟ್ಟಿ ಗ್ರಿಲ್‌ಗೆ ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದರೆ ಹಿಗ್ಗುವ ರಬ್ಬರ್ ಪಟ್ಟಿ) ಸಿಕ್ಕಿಸಿ ಮೊಣಕೈಯನ್ನು ಹಿಂದಕ್ಕೆಳೆಯುವುದು. ಲ್ಯಾಪ್‌ಟಾಪ್ ಮುಂದೆ ಗೂನಾಗಿ ಕೂರುವವರು ಇದನ್ನು ಬಿಡಲೇಬಾರದು.

ಇನ್ನು ನೀರಿನ ಕ್ಯಾನ್. ಬೆಂಗಳೂರಿನ ಮನೆಮನೆಯಲ್ಲಿ ಇರುವ 20 ಲೀಟರ್ ಕ್ಯಾನ್ ತುಂಬಿದಾಗ 20 ಕೆಜಿಗೂ ಸ್ವಲ್ಪ ಮೇಲೆ. ಜಿಮ್‌ನವರು ಡೆಡ್‌ಲಿಫ್ಟ್ ಎನ್ನುವ ಕಸರತ್ತಿಗೆ ಇದೇ ಸಾಧನ, ಆದರೆ ಇದು ಆಪರೇಷನ್ ಆಗಿ ಮೂರು ತಿಂಗಳ ಮೇಲೆ, ಕುರ್ಚಿ ಕಸರತ್ತು ಪಳಗಿದವರಿಗೆ ಮಾತ್ರ. ಖಾಲಿ ಕ್ಯಾನ್‌ಗೆ ಐದು ಲೀಟರ್ ನೀರು ಹಾಕಿ ಶುರು ಮಾಡಿ, ಎರಡು ವಾರಕ್ಕೊಮ್ಮೆ ಎರಡು ಲೀಟರ್ ಸೇರಿಸಿ. ಕ್ಯಾನ್ ಎರಡು ಪಾದಗಳ ನಡುವೆ ಇರಲಿ. ಪೃಷ್ಠವನ್ನು ಹಿಂದಕ್ಕೆ ತಳ್ಳಿ, ಮಂಡಿ ಮಡಿಸಿ, ಬೆನ್ನು ನೇರ ಇಟ್ಟು ಕ್ಯಾನ್ ಕುತ್ತಿಗೆ ಹಿಡಿದು, ಮೈಗೆ ತಾಗಿದಂತೆಯೇ ಎತ್ತಿ. ಉಸಿರು ಕಟ್ಟಿ ಎತ್ತಿದರೆ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಆಪರೇಷನ್‌ನ ರಂಧ್ರಗಳಿದ್ದ ಜಾಗದಲ್ಲಿ ಹರ್ನಿಯಾ ಇದ್ದರೆ ಅದು ಉಬ್ಬಿಕೊಳ್ಳುವುದು ಆಗಲೇ. ಗಾಯದ ಹತ್ತಿರ ಕೆಮ್ಮಿದಾಗ ಉಬ್ಬುವ ಗಂಟು ಕಂಡರೆ ಕಸರತ್ತು ನಿಲ್ಲಿಸಿ ಸರ್ಜನ್‌ಗೆ ತೋರಿಸಿ.

ಸ್ನಾಯುವಿಗೆ ಇಟ್ಟಿಗೆ ಪ್ರೋಟೀನ್. ಸಾಮಾನ್ಯ ಗುರಿ ದಿನಕ್ಕೆ 60ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಪನೀರ್‌ನಲ್ಲಿ ಸುಮಾರು 18, ಒಂದು ಲೋಟ ಹಾಲಿನಲ್ಲಿ 6ರಿಂದ 7, ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ ಸುಮಾರು 26. ತಟ್ಟೆಯಲ್ಲಿ ಮುದ್ದೆ, ಅನ್ನಕ್ಕೆ ಮೊದಲು ಉಸಲಿ, ಮೊಟ್ಟೆ, ಪನೀರ್ ತಿನ್ನಿ. ಪುಟ್ಟ ಹೊಟ್ಟೆ ಮೊದಲು ಬಂದದ್ದರಿಂದಲೇ ತುಂಬಿಬಿಡುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಈ ಲೆಕ್ಕವನ್ನು ವೈದ್ಯರಿಂದಲೇ ಪಡೆಯಬೇಕು.

ನಡಿಗೆ ಎಷ್ಟು, ಎಷ್ಟು ಜೋರು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎಲ್ಲ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ. ಇಳಿದ ತೂಕ ಮರಳದಂತೆ ತಡೆಯಬೇಕಾದವರಿಗೆ 200ರಿಂದ 300 ನಿಮಿಷದ ಕಡೆಯೇ ಒಲವು ಹೆಚ್ಚು. ವಾರಕ್ಕೆ ಐದು ದಿನ, ದಿನಕ್ಕೆ 50 ನಿಮಿಷ ಎಂದುಕೊಳ್ಳಿ. ಒಂದೇ ಉಸಿರಿಗೆ ಆಗಬೇಕೆಂದಿಲ್ಲ. ಬೆಳಿಗ್ಗೆ 25, ಮೆಟ್ರೋಗೆ ನಡೆದು 10, ರಾತ್ರಿ ಊಟದ ಮೇಲೆ 15 ಎಂದರೂ ಲೆಕ್ಕಕ್ಕೆ ಸೇರುತ್ತದೆ.

ವೇಗಕ್ಕೆ ಸುಲಭ ಅಳತೆ: ಪಕ್ಕದವರ ಜೊತೆ ಮಾತಾಡಬಹುದು, ಹಾಡಲು ಆಗಬಾರದು. ಹೆಜ್ಜೆ ಎಣಿಸುವವರಿಗೆ ನಿಮಿಷಕ್ಕೆ ನೂರು. ಎದೆಬಡಿತ ನೋಡಿ ವೇಗ ನಿರ್ಧರಿಸುವವರು ಒಂದು ವಿಷಯ ಗಮನಿಸಬೇಕು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದರೆ ಎದೆಬಡಿತ ಅಷ್ಟಾಗಿ ಏರುವುದಿಲ್ಲ, ಗಡಿಯಾರದ ಅಂಕಿ ದಾರಿ ತಪ್ಪಿಸುತ್ತದೆ. ತೂಕ ಇಳಿದ ಮೇಲೂ ಬಿಪಿ, ಶುಗರ್ ಮಾತ್ರೆಗಳ ಹಳೆಯ ಡೋಸೇ ಮುಂದುವರಿದಿದ್ದರೆ ನಡೆಯುವಾಗ ಕಣ್ಣು ಕತ್ತಲೆ ಬರುವುದೂ ಉಂಟು. ಮಾತ್ರೆಯನ್ನು ನೀವೇ ಬಿಡಬೇಡಿ, ಡೋಸ್ ಮರುಪರಿಶೀಲಿಸಿ ಎಂದು ಕೇಳಿ. ಹೃದಯದ ತೊಂದರೆ ಇದ್ದವರು ಜೋರಾದ ವ್ಯಾಯಾಮಕ್ಕೆ ಇಳಿಯುವ ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು.

ಬೆಂಗಳೂರಿನ ಫುಟ್‌ಪಾತ್ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಎದ್ದ ಚಪ್ಪಡಿ, ನಡುವೆ ನಿಂತ ಟ್ರಾನ್ಸ್‌ಫಾರ್ಮರ್, ಮಳೆಗಾಲದ ಸಂಜೆಯ ಕತ್ತಲು. ಬೇಗ ತೂಕ ಇಳಿಸಿಕೊಂಡವರ ಕಾಲಿಗೆ ಎಡವುವುದು ದುಬಾರಿ. ಬಡಾವಣೆಯ ಪಾರ್ಕಿನಲ್ಲೋ, ವಾಹನ ಬಿಡದ ಭಾನುವಾರ ಕಬ್ಬನ್ ಪಾರ್ಕಿನಲ್ಲೋ ನಡೆಯಿರಿ. ಮಳೆ ಬಂದ ದಿನ ಅಪಾರ್ಟ್‌ಮೆಂಟ್ ಮೆಟ್ಟಿಲು. ಹತ್ತುವುದು ಹೃದಯಕ್ಕೆ, ನಿಧಾನವಾಗಿ ಇಳಿಯುವುದು ತೊಡೆಗೆ. ಮಂಡಿ ನೋವಿದ್ದರೆ ಹತ್ತಿ, ಲಿಫ್ಟ್‌ನಲ್ಲಿ ಇಳಿಯಿರಿ.

ವಾಕಿಂಗ್ ಮುಗಿಸಿ ಕಬ್ಬಿನ ಹಾಲು

ಬೆಳಿಗ್ಗೆ ಆರೂವರೆಯಿಂದ ಒಂದು ಗಂಟೆ ಚುರುಕಾಗಿ ನಡೆದು, ಪಾರ್ಕಿನ ಗೇಟಿನ ಹೊರಗೆ ಒಂದು ದೊಡ್ಡ ಲೋಟ ಕಬ್ಬಿನ ಹಾಲು. ಮೊದಲಾಗಿದ್ದರೆ ಏನೂ ಆಗುತ್ತಿರಲಿಲ್ಲ. ಬೈಪಾಸ್ ಆದವರಲ್ಲಿ ಆ ಸಕ್ಕರೆ ಜಠರದಲ್ಲಿ ತಡೆದು ನಿಲ್ಲದೆ ಸೀದಾ ಕರುಳಿಗೆ ಬೀಳುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಹೊಟ್ಟೆ ಹಿಂಡಿ, ಬೆವರು, ಎದೆ ಢವಢವ, ಭೇದಿ. ಇದು ಡಂಪಿಂಗ್. ಕೆಲವರಿಗೆ ಆಗ ಏನೂ ಆಗದೆ, ಒಂದರಿಂದ ಮೂರು ಗಂಟೆ ಬಿಟ್ಟು, ಆಫೀಸ್ ಮೀಟಿಂಗ್‌ನಲ್ಲಿ ಕೂತಾಗ ಕೈ ನಡುಗಿ ತಲೆ ಮಂಕಾಗುತ್ತದೆ. ದಿಢೀರನೆ ಏರಿದ ಸಕ್ಕರೆಗೆ ದೇಹ ವಿಪರೀತ ಇನ್ಸುಲಿನ್ ಸುರಿದು, ಸಕ್ಕರೆ ಪಾತಾಳಕ್ಕೆ ಇಳಿದಿರುತ್ತದೆ. ಈ ಎರಡನೆಯದು ಆಪರೇಷನ್ ಆಗಿ ಒಂದು ವರ್ಷವೋ ಇನ್ನೂ ಮೇಲೋ ಆದ ನಂತರ ಶುರುವಾಗುವುದೇ ಹೆಚ್ಚು. ಹಾಗಾಗಿ ಆಪರೇಷನ್‌ಗೂ ಇದಕ್ಕೂ ಸಂಬಂಧ ಇದೆಯೆಂದು ಹೊಳೆಯುವುದೇ ಇಲ್ಲ. ಸ್ಲೀವ್ ಆದವರಿಗೂ ಆಗಬಹುದು.

ಆ ಹೊತ್ತಿಗೆ ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕೆಳಗೆ ಇದ್ದರೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಸರಿಹೋದ ಮೇಲೆ ಒಂದು ಮೊಟ್ಟೆ ಅಥವಾ ಒಂದು ಹಿಡಿ ಕಡಲೆಬೀಜ. ಗಾಬರಿಯಲ್ಲಿ ಅರ್ಧ ಪ್ಯಾಕೆಟ್ ಸುರಿದುಕೊಂಡರೆ ಅದೇ ಚಕ್ರ ಮತ್ತೆ ತಿರುಗುತ್ತದೆ. ಗಾಡಿ ಓಡಿಸುತ್ತಿದ್ದರೆ ಪಕ್ಕಕ್ಕೆ ಹಾಕಿ. ಹೀಗೆ ಎರಡು ಸಲ ಆಯಿತೆಂದರೆ ವೈದ್ಯರಿಗೆ ಹೇಳಲೇಬೇಕು.

ವ್ಯಾಯಾಮಕ್ಕೆ ಮುಂಚೆ ಏನು ತಿನ್ನುವುದು? ಊಟವಾದರೆ ಒಂದೂವರೆ ಎರಡು ಗಂಟೆ ಅಂತರ. ಬರಿಹೊಟ್ಟೆಯಲ್ಲಿ ಸುಸ್ತಾಗುವವರು ಅರ್ಧ ಗಂಟೆ ಮುಂಚೆ ಅರ್ಧ ಬಾಳೆಹಣ್ಣು, ನಾಲ್ಕು ಬಾದಾಮಿ. ನೀರು ಗಟಗಟ ಕುಡಿಯಲಾಗದ ಹೊಟ್ಟೆ ಇದು. ಆದ್ದರಿಂದ ಬಾಟಲಿ ಜೊತೆಗಿರಲಿ, ಐದು ಹತ್ತು ನಿಮಿಷಕ್ಕೆ ಎರಡು ಗುಟುಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಸೇರಬೇಕು, ಊಟದ ನಂತರ ಅರ್ಧ ಗಂಟೆ ಬಿಟ್ಟು.

ತೂಕ ವಾಪಸ್ ಬರುವ ದಾರಿಯೂ ಬಹುತೇಕ ಹೀಗೆ ಲೋಟದಲ್ಲೇ. ಘನ ಆಹಾರಕ್ಕೆ ಬೇಗ ಭರ್ತಿಯಾಗುವ ಹೊಟ್ಟೆ ಜ್ಯೂಸ್, ಮಿಲ್ಕ್‌ಶೇಕ್, ಸಕ್ಕರೆ ಹಾಕಿದ ನಾಲ್ಕನೇ ಬೈಟು ಕಾಫಿಗೆ ಅಡ್ಡಿ ಮಾಡುವುದಿಲ್ಲ.

ಸುಸ್ತನ್ನು ಸೋಮಾರಿತನ ಎನ್ನುವ ಮೊದಲು

ಮೂರನೇ ವರ್ಷದಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ವಾಕಿಂಗ್ ಎಂದರೆ ಬೇಡ ಅನಿಸುವುದು. ಮನೆಯವರು ಇದಕ್ಕೆ ಇಡುವ ಹೆಸರು ಸೋಮಾರಿತನ. ರಕ್ತಪರೀಕ್ಷೆಯಲ್ಲಿ ಸಿಗುವ ಹೆಸರು ಬಹಳ ಸಲ ಕಬ್ಬಿಣದ ಕೊರತೆ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಅಂಕಿ, ತಳ ಮುಟ್ಟಿರಬಹುದು, ಎರಡನ್ನೂ ನೋಡಿಸಿ. ಪಾದ ಜುಮ್ಮೆನ್ನುವುದು, ಕಣ್ಣು ಮುಚ್ಚಿ ನಿಂತರೆ ಓಲಾಡುವುದು ಬಿ12 ಕೊರತೆಯ ಲಕ್ಷಣ, ಸಸ್ಯಾಹಾರಿಗಳಿಗೆ ಇದರ ಅಪಾಯ ಹೆಚ್ಚು. ವಿಟಮಿನ್ ಡಿ ಕಡಿಮೆಯಾದರೆ ತೊಡೆಯ ಸ್ನಾಯುವೇ ಸೋಲುತ್ತದೆ. ಆಪರೇಷನ್ ಆಗಿ ಎಷ್ಟೇ ವರ್ಷವಾಗಿದ್ದರೂ ವರ್ಷಕ್ಕೊಮ್ಮೆ ಇವುಗಳ ಪರೀಕ್ಷೆ ತಪ್ಪಿಸುವಂತಿಲ್ಲ.

ಮಾತ್ರೆ ನುಂಗುವ ಹೊತ್ತೂ ಮುಖ್ಯ. ಕಬ್ಬಿಣ ಮತ್ತು ಕ್ಯಾಲ್ಶಿಯಂ ನಡುವೆ ಎರಡು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆ ನುಂಗಿದರೆ ಅದರ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ.

ಮಂಡಿ, ಮೂಳೆ, ಮೆಡಿಕಲ್ ಸ್ಟೋರ್‌ನ ಮಾತ್ರೆ

ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಆದರೆ ಆಗಲೇ ಸವೆದ ಮಂಡಿ ಹೊಸದಾಗುವುದಿಲ್ಲ. ವ್ಯಾಯಾಮ ಹೆಚ್ಚಿಸಿದಾಗ ನೋವು ಬಂತೆಂದು ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ನುಂಗುವ ಮಾತ್ರೆ ಬಹಳ ಸಲ ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಥವಾ ಅಸೆಕ್ಲೊಫೆನಾಕ್ ಇರುವಂಥದ್ದು. ಬೈಪಾಸ್ ಆದವರಲ್ಲಿ ಇವು ಚೀಲ ಮತ್ತು ಕರುಳು ಸೇರುವ ಜಾಗದಲ್ಲಿ ಹುಣ್ಣು ಮಾಡುತ್ತವೆ, ಅದು ರಕ್ತಸ್ರಾವಕ್ಕೂ ರಂಧ್ರಕ್ಕೂ ತಿರುಗಬಹುದು. "ಪ್ಯಾರಸಿಟಮಾಲ್ ಒಂದೇ ಇರುವುದು ಕೊಡಿ" ಎಂದು ಕೇಳಿ, ಸ್ಟ್ರಿಪ್ ತಿರುಗಿಸಿ ಓದಿ. ಎರಡು ಔಷಧ ಬೆರೆತ ಮಾತ್ರೆಗಳೇ ನಮ್ಮಲ್ಲಿ ಹೆಚ್ಚು.

ಮೂಳೆಯ ಸಾಂದ್ರತೆಯೂ ಇಳಿಯುತ್ತದೆ, ಬೈಪಾಸ್ ಆದವರಲ್ಲಿ ಹೆಚ್ಚು. ಮೂಳೆ ಗಟ್ಟಿಯಾಗುವುದು ಅದರ ಮೇಲೆ ಭಾರ ಬಿದ್ದಾಗ. ಈಜು, ಸೈಕಲ್ ಮಂಡಿಗೆ ಹಿತ, ಹೃದಯಕ್ಕೆ ಒಳ್ಳೆಯದು, ಆದರೆ ನೀರಿನಲ್ಲಿ ತೇಲುವಾಗ ಸೊಂಟದ ಮೂಳೆಗೆ ಭಾರವೇ ಇಲ್ಲ. ಈಜುವವರೂ ಮೆಟ್ಟಿಲು, ಬಸ್ಕಿ ಬಿಡಬಾರದು.

ಜೋತುಬಿದ್ದ ಚರ್ಮ, ಸಡಿಲವಾದ ಶೂ

ಹಲವರು ವ್ಯಾಯಾಮ ಬಿಡುವುದು ದಣಿವಿಗಲ್ಲ, ಚರ್ಮ ಉಜ್ಜಿ ಉರಿಯುವುದಕ್ಕೆ. ಕೆಳಹೊಟ್ಟೆಯ ಮಡಿಕೆ, ಒಳತೊಡೆಯಲ್ಲಿ ಬೆವರು ನಿಂತು ಕೆಂಪಾಗಿ, ಆಮೇಲೆ ಫಂಗಸ್. ಹತ್ತಿ ಬಟ್ಟೆ ಇಲ್ಲಿ ಉಪಕಾರಿಯಲ್ಲ, ಒದ್ದೆಯಾದರೆ ಒದ್ದೆಯಾಗಿಯೇ ಇರುತ್ತದೆ. ಮೈಗೆ ಬಿಗಿಯಾದ ಸೈಕ್ಲಿಂಗ್ ಶಾರ್ಟ್ಸ್ ಅಥವಾ ಲೆಗ್ಗಿಂಗ್ಸ್ ಹಾಕಿ, ಮೇಲೆ ಚೂಡಿದಾರವೋ ಟ್ರ್ಯಾಕ್ ಪ್ಯಾಂಟೋ ನಿಮ್ಮಿಷ್ಟ. ಉಜ್ಜುವ ಜಾಗಕ್ಕೆ ಮೊದಲೇ ಪೆಟ್ರೋಲಿಯಂ ಜೆಲ್ಲಿ, ಸ್ನಾನದ ನಂತರ ಮಡಿಕೆ ಬಿಡಿಸಿ ಪೂರ್ತಿ ಒರೆಸುವುದು. ಕಸರತ್ತಿನಿಂದ ಈ ಚರ್ಮ ಬಿಗಿಯಾಗುವುದಿಲ್ಲ. ತೆಗೆಸುವುದಾದರೆ ತೂಕ ಒಂದೆಡೆ ನಿಂತ ಮೇಲೆ, ಸಾಮಾನ್ಯವಾಗಿ ಆಪರೇಷನ್ ಆಗಿ ಒಂದೂವರೆ ವರ್ಷದ ನಂತರ. ತೂಕದ ಜೊತೆ ಪಾದವೂ ಸಣ್ಣದಾಗಿರುತ್ತದೆ. ಹಳೆಯ ಶೂ ಒಳಗೆ ಕಾಲು ಜಾರಿ ಬೊಬ್ಬೆ ಏಳುತ್ತಿದ್ದರೆ ಅಂಗಡಿಯಲ್ಲಿ ಅಳತೆ ಮತ್ತೊಮ್ಮೆ ತೆಗೆಸಿ.

ಬಿಟ್ಟುಹೋದದ್ದನ್ನು ಮತ್ತೆ ಹಿಡಿಯುವಾಗ

ಮನೆಯಲ್ಲಿ ಮದುವೆ, ಪ್ರಾಜೆಕ್ಟ್ ಡೆಡ್‌ಲೈನ್, ಡೆಂಗ್ಯೂ, ಏನೋ ಒಂದು ಬಂದು ಎರಡು ತಿಂಗಳು ನಿಂತೇ ಹೋಗುತ್ತದೆ. ಬಿಟ್ಟಲ್ಲಿಂದಲೇ ಹಿಡಿಯಲು ಹೋಗಿ ಬೆನ್ನು ಹಿಡಿಸಿಕೊಳ್ಳುವವರೇ ಹೆಚ್ಚು. ಭಾರವನ್ನು ಅರ್ಧಕ್ಕಿಳಿಸಿ, ಒಂದೇ ಸುತ್ತು ಮಾಡಿ, ನಡಿಗೆ 15 ನಿಮಿಷದಿಂದ ಶುರು ಮಾಡಿ, ವಾರಕ್ಕೆ ಐದೈದು ನಿಮಿಷ ಏರಿಸಿ. ವಾರಕ್ಕೊಂದೇ ದಿನ, ಬೆಳಿಗ್ಗೆ ಎದ್ದಕೂಡಲೇ ತೂಕ ನೋಡಿ. ಅತಿ ಕಡಿಮೆ ತೂಕಕ್ಕಿಂತ ಎರಡು ಮೂರು ಕೆಜಿ ಆಚೀಚೆ ಓಡಾಡುತ್ತಿದ್ದರೆ ಗಾಬರಿ ಬೇಡ. ಐದು ದಾಟಿ ಏರುತ್ತಲೇ ಇದ್ದರೆ ವ್ಯಾಯಾಮ ದುಪ್ಪಟ್ಟು ಮಾಡುತ್ತಾ ಒಬ್ಬರೇ ಒದ್ದಾಡಬೇಡಿ, ಆಪರೇಷನ್ ಮಾಡಿದ ತಂಡವನ್ನು, ಅದರಲ್ಲೂ ಡಯಟೀಶಿಯನ್ ಅವರನ್ನು ಕಾಣಿ.

ಬೈಪಾಸ್ ಆದವರು ಇನ್ನೊಂದು ನೆನಪಿಡಬೇಕು. ಎಷ್ಟೇ ವರ್ಷದ ನಂತರವೂ, ಬಂದು ಹೋಗುತ್ತಾ ಇರುವ ಅಥವಾ ಹಠಾತ್ತನೆ ತಡೆಯಲಾಗದಂತೆ ಹಿಂಡುವ ಹೊಟ್ಟೆನೋವನ್ನು ಕಸರತ್ತಿನಿಂದ ಉಳುಕಿದ್ದು ಎಂದು ತಳ್ಳಿಹಾಕುವಂತಿಲ್ಲ. ಹೊಟ್ಟೆಯೊಳಗೆ ಜೋಡಿಸಿದ ಕರುಳಿನ ಸಂದಿನಲ್ಲಿ ಇನ್ನೊಂದು ಮಡಿಕೆ ಸಿಕ್ಕಿಕೊಂಡಿರಬಹುದು. ಹೊರಗಿನಿಂದ ಗಂಟೇನೂ ಕಾಣುವುದಿಲ್ಲ. ಆ್ಯಸಿಡಿಟಿ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಬೈಪಾಸ್ ಆಗಿದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.